ಇವಾಮಾದ ಕಸಬರಿಗೆ

“ಉಚಿದೇಶಿ ಅಂತ ಉಚಿದೇಶಿ! ನನ್ನ ಮಗಾ ಪರದೇಶಿ ಆದ್ನಲ್ಲೋ ತಮ್ಮಾ!” ಎಂದು ನಮ್ಮ ಅಕ್ಕ ಕಣ್ಣೊರಸಿಕೊಂಡಾಗ ನಮಗೆ ನಗುವುದೋ ಅಳುವುದೋ ತಿಳಿಯದಾಯಿತು. ಪುಣೆಯಲ್ಲಿ ಒಳ್ಳೆಯ ಸಂಬಳದ ಕೆಲಸದಲ್ಲಿದ್ದ ಅವಳ ಮಗ ರಾಜೀನಾಮೆ ಕೊಟ್ಟು, ಮೂರು ತಿಂಗಳ ಮಟ್ಟಿಗೆಂದು ಜಪಾನಿನ ಒಂದು ಗರಡಿಮನೆ ಸೇರಿದ್ದ. ‘ಉಚಿ’ ಎಂದರೆ ಒಳಗೆ, ‘ದೇಶಿ’ ಎಂದರೆ ಶಿಷ್ಯ. ಗುರುವಿನ ಬಳಿಯಲ್ಲೇ ವಾಸವಿದ್ದು, ಸೇವೆ ಮಾಡಿ ವಿದ್ಯೆ ಕಲಿಯುವವನು ಉಚಿದೇಶಿ. ನಮ್ಮ ಹಿರಿಯರು ಅಂತೇವಾಸಿ ಎಂದದ್ದು ಇಂಥವನನ್ನೇ. ಇದನ್ನೆಲ್ಲ ಬಿಡಿಸಿ ಹೇಳಿದರೂ ಅಕ್ಕನ ಸಂಕಟ ಇಳಿಯಲಿಲ್ಲ. “ನೀವಿಬ್ಬರೂ ಹೋಗಿ ಬರ್ರಿ. ಬುದ್ಧಿ ಹೇಳಿ ಕರಕೊಂಡು ಬರ್ರಿ” ಎಂದು ಅಪ್ಪಣೆಯಾಯಿತು.

ಸರ್ಕಾರಿ ಕಚೇರಿಯ ಗುಮಾಸ್ತನಿಗೆ ವಿದೇಶ ಪ್ರಯಾಣವೆಂದರೆ ರಜೆಗೊಂದು ಅರ್ಜಿ, ದೇಶ ಬಿಡುವ ಅನುಮತಿಗೆ ಇನ್ನೊಂದು. ಎರಡೂ ಮಂಜೂರಾಗುವ ಹೊತ್ತಿಗೆ ನವೆಂಬರ್ ಬಂದಿತ್ತು. ಬಹು ದಿನಗಳಿಂದ ಕೂಡಿಟ್ಟ ಹಣವನ್ನು ಒಡೆದು, ಅಕ್ಕ ಕಟ್ಟಿಕೊಟ್ಟ ಸಾರಿನ ಪುಡಿ, ಶೇಂಗಾ ಚಟ್ನಿಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ನಾವು ದಂಪತಿಗಳು ಹೊರಟೆವು.

ಟೋಕಿಯೋ ನಗರದ ಉಎನೋ ನಿಲ್ದಾಣದಿಂದ ಜೋಬಾನ್ ಮಾರ್ಗದ ರೈಲು ಹಿಡಿದರೆ ಈಶಾನ್ಯಕ್ಕೆ ಸುಮಾರು ಎರಡು ಗಂಟೆಯ ಪಯಣ. ಮೊದಲು ಮನೆಗಳ ಮೇಲೆ ಮನೆಗಳು. ಆಮೇಲೆ ಕೊಯ್ಲಾದ ಭತ್ತದ ಗದ್ದೆಗಳು. ಇಬಾರಾಕಿ ಪ್ರಾಂತದ ಇವಾಮಾ ಒಂದು ಸಣ್ಣ ಊರು. ೨೦೦೬ರಲ್ಲಿ ಅದನ್ನು ನೆರೆಯ ಕಾಸಾಮಾ ನಗರಕ್ಕೆ ಸೇರಿಸಿದರು. ರೈಲು ನಿಲ್ದಾಣ ಮಾತ್ರ ಹಳೆಯ ಹೆಸರನ್ನೇ ಉಳಿಸಿಕೊಂಡಿದೆ. ಪಶ್ಚಿಮಕ್ಕೆ ಅತಾಗೋ ಎಂಬ ಗುಡ್ಡ. ಅಲ್ಲಿ ಹದಿಮೂರು ‘ತೆಂಗು’ಗಳು, ಎಂದರೆ ಬೆಟ್ಟದ ಮಾಯಾವಿಗಳು, ಇದ್ದರೆಂದು ಐತಿಹ್ಯ. ಇಬಾರಾಕಿಯಷ್ಟು ಚೆಸ್ಟ್‌ನಟ್ ಕಾಯಿ ಬೆಳೆಯುವ ಪ್ರಾಂತ ಜಪಾನಿನಲ್ಲಿ ಬೇರೊಂದಿಲ್ಲ. ನಾವು ಹೋದಾಗ ಆ ಮರಗಳ ಎಲೆಯೆಲ್ಲ ಉದುರಿ ನೆಲ ಕಂದಾಗಿತ್ತು.

ಈ ಊರಿಗೆ ಹೆಸರು ಬಂದದ್ದು ಮೋರಿಹೆಯಿ ಉಎಶಿಬಾ ಅವರಿಂದ. ೧೮೮೩ರಲ್ಲಿ ಹುಟ್ಟಿದ ಈ ಮಹಾಶಯರು ಹಲವು ಹಳೆಯ ಯುದ್ಧವಿದ್ಯೆಗಳನ್ನು ಅರೆದು ಕುಡಿದು, ಐಕಿದೋ ಎಂಬ ಹೊಸ ವಿದ್ಯೆಯನ್ನು ರೂಪಿಸಿದರು. ಎದುರಾಳಿಯ ಬಲಕ್ಕೆ ಬಲ ಕೊಡದೆ, ಅವನ ವೇಗದೊಡನೆ ಬೆರೆತು ಅವನನ್ನು ಕೆಡವುವುದು ಅದರ ಮರ್ಮ. ಟೋಕಿಯೋದಲ್ಲಿ ದೊಡ್ಡ ಶಾಲೆ, ಸೇನಾಧಿಕಾರಿಗಳ ಶಿಷ್ಯವೃಂದ, ಎಲ್ಲವೂ ಇದ್ದಾಗಲೇ, ೧೯೪೨ರಲ್ಲಿ, ಮಹಾಯುದ್ಧದ ನಡುವೆ, ಅವರು ರಾಜಧಾನಿಯನ್ನು ಬಿಟ್ಟು ಇಲ್ಲಿಗೆ ಬಂದು ಬೇಸಾಯಕ್ಕೆ ನಿಂತರು. ಒಂದು ದೇಗುಲ ಕಟ್ಟಿಸಿದರು. ಬಳಿಯಲ್ಲಿ ಮರದ ಅಭ್ಯಾಸಶಾಲೆಯೊಂದು ಎದ್ದಿತು. ಯುದ್ಧವಿದ್ಯೆ ಬೇರೆಯಲ್ಲ, ನೇಗಿಲ ವಿದ್ಯೆ ಬೇರೆಯಲ್ಲ ಎಂಬುದು ಅವರ ನಂಬಿಕೆ. ಜಪಾನ್ ಸೋತ ಮೇಲೆ ಗೆದ್ದ ಸೇನೆಯ ಆಡಳಿತ ಯುದ್ಧವಿದ್ಯೆಗಳ ಮೇಲೆ ನಿರ್ಬಂಧ ಹೇರಿತು. ಆ ಬಡತನದ ವರ್ಷಗಳಲ್ಲಿ ಐಕಿದೋ ಉಸಿರು ಹಿಡಿದುಕೊಂಡಿದ್ದದ್ದು ಈ ಹೊಲಗಳ ನಡುವೆ. ಐಕಿಕೈ ಸಂಸ್ಥೆಗೆ ಸರ್ಕಾರದ ಮನ್ನಣೆ ಸಿಕ್ಕಿದ್ದು ೧೯೪೮ರಲ್ಲಿ. ಉಎಶಿಬಾ ೧೯೬೯ರ ಏಪ್ರಿಲ್ ೨೬ರಂದು ತೀರಿಕೊಂಡರು. ಪ್ರತಿ ಏಪ್ರಿಲ್ ೨೯ರಂದು ಆ ದೇಗುಲದಲ್ಲಿ ಅವರ ನೆನಪಿನ ಉತ್ಸವ ನಡೆಯುತ್ತದೆ.

ಆ ಮೂಲಶಾಲೆಯಲ್ಲದೆ, ಅದೇ ಪರಂಪರೆಯಲ್ಲಿ ಕಲಿತವರು ನಡೆಸುವ ಸಣ್ಣ ಶಾಲೆಗಳೂ ಸುತ್ತಿನಲ್ಲಿವೆ. ನಮ್ಮ ಹುಡುಗನಿದ್ದದ್ದು ಅಂಥದೊಂದರಲ್ಲಿ. ಗುರುಗಳ ಮನೆ, ಅದಕ್ಕೆ ಅಂಟಿದಂತೆ ಚಾಪೆ ಹಾಸಿದ ಒಂದು ಕೋಣೆ, ಹಿಂದೆ ತರಕಾರಿ ಮಡಿ; ಅಷ್ಟೇ. ವಾಸವಿದ್ದ ಶಿಷ್ಯರು ಮೂವರು. ಸಂಜೆಯ ಪಾಠಕ್ಕೆ ಊರಿನ ಹತ್ತು ಹನ್ನೆರಡು ಮಂದಿ ಬರುತ್ತಿದ್ದರು: ಅಂಚೆಯವನೊಬ್ಬ, ಶಾಲೆಯ ಉಪಾಧ್ಯಾಯಿನಿಯೊಬ್ಬರು, ಇಬ್ಬರು ಮಕ್ಕಳು. ಎರಡು ರಾತ್ರಿ ಅಲ್ಲಿಯೇ ಉಳಿಯಲು ಗುರುಗಳು ನಮಗೆ ಅನುಮತಿ ಕೊಟ್ಟರು.

ಬೆಳಗಿನ ಐದೂವರೆಗೆ ಸರಬರ ಸದ್ದಿಗೆ ಎಚ್ಚರವಾಯಿತು. ಕಿಟಕಿ ಸರಿಸಿ ನೋಡಿದರೆ, ಆ ಕೊರೆಯುವ ಚಳಿಯಲ್ಲಿ ನಮ್ಮ ಹುಡುಗ ಉದ್ದನೆಯ ಬಿದಿರು ಕಸಬರಿಗೆ ಹಿಡಿದು ಅಂಗಳದ ತರಗೆಲೆ ಗುಡಿಸುತ್ತಿದ್ದಾನೆ! ಇನ್ನೊಬ್ಬ ಶೌಚಗೃಹ ತೊಳೆಯುತ್ತಿದ್ದ. ಮೂರನೆಯವನು ಒದ್ದೆ ಬಟ್ಟೆಯಿಂದ ಜಗಲಿಯ ಹಲಗೆ ಒರೆಸುತ್ತಿದ್ದ. ಗುರುಗಳು ಎಪ್ಪತ್ತು ದಾಟಿದವರು. ಬಂದು ನಿಂತು, ಅಂಗಳದ ಒಂದು ಮೂಲೆಯನ್ನು ಬೆರಳಿನಿಂದ ತೋರಿಸಿ ಒಳಗೆ ಹೋದರು. ಹುಡುಗ ಆ ಮೂಲೆಯನ್ನು ಮತ್ತೆ ಗುಡಿಸಿದ. ಮೂಲೆಯಿಂದ ಶುರುಮಾಡಬೇಕು, ನಡುವಣದು ತಾನಾಗಿ ಬರುತ್ತದೆ ಎಂಬುದು ಅಲ್ಲಿಯ ನಿಯಮವಂತೆ. ನಮ್ಮಾಕೆ ಇದನ್ನೆಲ್ಲ ನೋಡಿ, “ಅಕ್ಕಾವ್ರು ಇದನ್ನ ನೋಡಿದ್ರ ಎದಿ ಒಡಕೋತಾರ” ಎಂದರು.

ಆಮೇಲೆ ಹೊರಗೆ ಮರದ ಕತ್ತಿ, ದೊಣ್ಣೆಗಳ ವರಸೆ. ಕತ್ತಿಯಲ್ಲಿ ಏಳು ಬೀಸುಗಳು, ದೊಣ್ಣೆಯಲ್ಲಿ ಇಪ್ಪತ್ತು. ಒಂದೊಂದನ್ನೂ ಎಣಿಸಿ ಎಣಿಸಿ ಮಾಡುವುದು. ಸಂಜೆ ಒಳಗೆ ಕೈವರಸೆ. ಒಬ್ಬ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಬೇಕು, ಇನ್ನೊಬ್ಬ ತಿರುಗಿ ಅವನನ್ನು ಕೆಡವಬೇಕು. ನಾಲ್ಕು ಸಲದ ಮೇಲೆ ಕೆಡವಿದವನು ಬೀಳುವ ಸರದಿ. ಪಂದ್ಯವಿಲ್ಲ, ಗೆದ್ದವರ ಪಟ್ಟಿಯಿಲ್ಲ. ಹೊಸಬನಿಗೆ ಮೊದಲ ಪಾಠವೇ ಮೈಮುರಿಯದಂತೆ ಬೀಳುವುದು. ನಾವು ಮೂಲೆಯಲ್ಲಿ ವಜ್ರಾಸನ ಹಾಕಿ ಕುಳಿತು ನೋಡಿದೆವು. ಇಷ್ಟಾದರೂ ನಮಗೆ ಬರುತ್ತದೆಂಬ ಹೆಮ್ಮೆ ಹತ್ತು ನಿಮಿಷದಲ್ಲಿ ಇಳಿಯಿತು. ಏಳುವಾಗ ಗೋಡೆ ಹಿಡಿಯಬೇಕಾಯಿತು.

ರಾತ್ರಿ ಅಡುಗೆಮನೆಯಲ್ಲಿ ಹುಡುಗ ಅಕ್ಕನ ಪುಡಿ ಹಾಕಿ ಎಲ್ಲರಿಗೂ ಸಾರು ಮಾಡುತ್ತಿದ್ದಾಗ ನಾವು ಬಂದ ಕೆಲಸಕ್ಕೆ ಕೈಹಾಕಿದೆವು. ನಮ್ಮ ಬತ್ತಳಿಕೆಯಲ್ಲಿ ಒಳ್ಳೆಯದೊಂದು ಬಾಣವಿತ್ತು. ಉಎಶಿಬಾರ ಶಿಷ್ಯ ಮೋರಿಹಿರೋ ಸಾಯಿತೋ ೧೯೪೬ರಲ್ಲಿ ಇಲ್ಲಿಗೆ ಬಂದವರು, ಹುಟ್ಟಿದ್ದು ೧೯೨೮ರಲ್ಲಿ. ಅವರು ರೈಲ್ವೆ ನೌಕರರು. ಒಂದು ಹಗಲು ರಾತ್ರಿ ಪೂರ್ತಿ ರೈಲಿನ ಕೆಲಸ, ಮಾರನೆಯ ಹಗಲು ರಾತ್ರಿ ಬಿಡುವು. ಆ ಬಿಡುವನ್ನೆಲ್ಲ ಗುರುವಿನ ಹೊಲಕ್ಕೂ ಅಭ್ಯಾಸಕ್ಕೂ ಕೊಟ್ಟರು. ಅವರ ಪತ್ನಿ ಗುರುದಂಪತಿಗಳ ಸೇವೆಯನ್ನು ಹೊತ್ತರು. ಹೀಗೆ ಇಪ್ಪತ್ತಮೂರು ವರ್ಷ. ಗುರು ಹೋದ ಮೇಲೆ ಶಾಲೆಯನ್ನೂ ದೇಗುಲವನ್ನೂ ೨೦೦೨ರಲ್ಲಿ ತಾವು ಕಣ್ಮುಚ್ಚುವತನಕ ಕಾಯ್ದರು.

“ನೋಡಪ್ಪಾ, ಅಂಥಾವ್ರ ನೌಕರಿ ಬಿಡಲಿಲ್ಲ. ನೀ ಯಾಕ ಬಿಟ್ಟಿ?” ಎಂದೆವು.

ಹುಡುಗ ಸಾರು ತಿರುವುತ್ತಲೇ ಹೇಳಿದ: “ಬಿಟ್ಟದ್ದು ತಪ್ಪು ಇರಬಹುದು, ಮಾಮಾ. ಸೆನ್ಸೈನೂ ಅದನ್ನs ಅಂದ್ರು, ಊರಿಗೆ ಹೋಗಿ ದುಡಕೋತ ಕಲಿ ಅಂತ. ಹೋಗ್ತೀನಿ. ಆದ್ರ ಅಲ್ಲೆ ದಿನಾ ಯಾರನ್ನರ ಹಿಂದ ಹಾಕಬೇಕು, ಇಲ್ಲಾ ನಾನs ಹಿಂದ ಬೀಳಬೇಕು. ಒಂದ ಸಲ ಬಿದ್ದೆ, ಏಳಾಕ ಆಗಲಿಲ್ಲ. ಯಾರಿಗೂ ಹೇಳಿರಲಿಲ್ಲ, ಅವ್ವಗೂ.”

ನಮಗೆ ಮಾತು ಹೊರಡಲಿಲ್ಲ. ಇದೇ ಹುಡುಗ ಭಾನುವಾರಗಳಂದು ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದವನು. ಸಂಬಳ ಎಷ್ಟೆಂದು ಕೇಳಿದ್ದೆವು, ಮದುವೆ ಯಾವಾಗೆಂದು ಕೇಳಿದ್ದೆವು. ಹೇಗಿದ್ದೀ ಎಂದು ಕೇಳಿ ಉತ್ತರಕ್ಕೆ ಕಾದ ನೆನಪಾಗಲಿಲ್ಲ. ನಮ್ಮಾಕೆ ಎದ್ದು ಅವನ ಕೈಯ ಸೌಟನ್ನು ತೆಗೆದುಕೊಳ್ಳಹೋದರು, ಅವನು ಕೊಡಲಿಲ್ಲ. “ಇವತ್ತ ನನ್ನ ಪಾಳಿ, ಮಾಮಿ” ಎಂದ.

ಹೊರಡುವ ದಿನ ಗುರುಗಳು ಚಹಾಕ್ಕೆ ಕರೆದರು. ಹುಡುಗನ ಅರೆಬರೆ ಜಪಾನಿಯೇ ನಮ್ಮ ನಡುವಣ ಸೇತುವೆ. “ಇವ ಎಷ್ಟು ಕಲಿತಾನ, ಕೇಳು” ಎಂದರು ನಮ್ಮಾಕೆ. ಗುರುಗಳು ಸ್ವಲ್ಪ ಯೋಚಿಸಿ ಎರಡೇ ಮಾತು ಹೇಳಿದರು. ಹುಡುಗ ಅದನ್ನು ಕನ್ನಡಕ್ಕೆ ತರಲು ನಾಚಿಕೊಂಡ. ಕೊನೆಗೆ, “ಚಂದಾಗಿ ಬೀಳ್ತಾನ ಅಂತಾರ” ಎಂದ. ಎಲ್ಲರೂ ನಕ್ಕೆವು. ಉಳಿದ ಐದು ವಾರ ಮುಗಿಸಿಯೇ ಬರಲೆಂದು ನಾವೇ ಹೇಳಿ ಬಂದೆವು. ಬಾಗಿಲಲ್ಲಿ ನಮ್ಮ ಪಾದರಕ್ಷೆಗಳನ್ನು ಯಾರೋ ಹೊರಮುಖವಾಗಿ ತಿರುಗಿಸಿ, ಮೆಟ್ಟಿಕೊಳ್ಳಲು ಅನುಕೂಲವಾಗುವಂತೆ ಜೋಡಿಸಿಟ್ಟಿದ್ದರು.

ಕೆಲಸ ಬಿಡುವುದು ಸಣ್ಣ ಮಾತಲ್ಲ. ತಿಂಗಳ ಸಂಬಳದ ಮೇಲೆ ಬದುಕುವ ನಮಗೆ ಅದು ಚೆನ್ನಾಗಿ ಗೊತ್ತು. ಹುಡುಗ ಮರಳಿ ಕೆಲಸ ಹುಡುಕುವುದು ಕಷ್ಟವೇ ಆದೀತು. ಆದರೂ ಅಕ್ಕನಿಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದ ಮಾತುಗಳಾವುವೂ ಬೇಕಾಗಲಿಲ್ಲ. ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ಅವಳ ಕೈಗೆ ಕೊಟ್ಟೆವು: ನಸುಕಿನ ಬೆಳಕು, ತರಗೆಲೆ, ಕಸಬರಿಗೆ, ಹುಡುಗ.

ಅಕ್ಕ ಬಹಳ ಹೊತ್ತು ನೋಡಿದಳು. “ನಮ್ಮನ್ಯಾಗ ಒಂದ ದಿನಾ ಕಸಬರಿಗಿ ಮುಟ್ಟಲಿಲ್ಲ ಇವ” ಎಂದಳು. ಸ್ವಲ್ಪ ತಡೆದು, “ನಾನs ಮುಟ್ಟಗೊಡಲಿಲ್ಲ” ಎಂದಳು.

ನಮ್ಮಾಕೆ ಅಲ್ಲಿ ಏನೂ ಹೇಳಲಿಲ್ಲ. ಮಾರನೆಯ ದಿನ ಭಾನುವಾರ. ನಾವು ಎದ್ದು ನೋಡುವಾಗ, ಎಂದೂ ಅಡುಗೆಮನೆಯ ಬಾಗಿಲ ಹಿಂದೆ ಇರುತ್ತಿದ್ದ ಕಸಬರಿಗೆ ನಮ್ಮ ಕುರ್ಚಿಗೆ ಒರಗಿ ನಿಂತಿತ್ತು. ಮೂಲೆಯಿಂದ ಶುರುಮಾಡಿದೆವು.