ಹೂಮಳೆಯ ಲೆಕ್ಕ

ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿಗೆ ಹೊರಟ ಬಸ್ಸು ಆಲ್ದೂರು ದಾಟುತ್ತಿದ್ದಂತೆ ಕಿಟಕಿಯೊಳಗೆ ಮಲ್ಲಿಗೆಯನ್ನು ಹೋಲುವ ಪರಿಮಳ ನುಗ್ಗುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ, ಅದೂ ಒಂದು ಒಳ್ಳೆಯ ಮಳೆ ಬಿದ್ದು ವಾರ ಕಳೆದ ಮೇಲೆ ಹೋದವರಿಗೆ ಮಾತ್ರ ಈ ಭಾಗ್ಯ. ಕಾಫಿ ಗಿಡಗಳು ರೆಂಬೆ ಕಾಣದಷ್ಟು ಬೆಳ್ಳಗೆ ಅರಳಿ ನಿಂತಿರುತ್ತವೆ. ಪ್ರವಾಸಿಗರು ಫೋಟೋ ತೆಗೆಯುತ್ತಾರೆ. ತೋಟದವರು ಮಾತ್ರ ಹೂ ನೋಡುವುದಕ್ಕಿಂತ ಮುಗಿಲು ನೋಡುವುದೇ ಹೆಚ್ಚು.

ಇಲ್ಲಿ ಮಳೆಯನ್ನು ಸೆಂಟಿನಲ್ಲಿ ಅಳೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಬೆಳಗಾದರೆ ಫೋನಿನಲ್ಲಿ ಮೊದಲು ಕೇಳುವುದು ಯೋಗಕ್ಷೇಮವನ್ನಲ್ಲ, ‘ನಿಮ್ಮಲ್ಲಿ ಎಷ್ಟು ಸೆಂಟು?’ ಎಂದು. ರೊಬಸ್ಟಾಕ್ಕೆ ಮೊದಲ ಹೂಮಳೆ 100 ಸೆಂಟಾದರೂ ಬೇಕು. ನಾಲ್ಕು ಹನಿ ಉದುರಿ ನಿಂತರೆ ಮೊಗ್ಗು ಅರೆಬರೆ ಅರಳಿ, ನಸುಗೆಂಪಾಗಿ ಕರಟುತ್ತದೆ. ಆಗ ಹೊಳೆಗೋ ಕೆರೆಗೋ ಪಂಪು ಇಟ್ಟು ಸ್ಪ್ರಿಂಕ್ಲರ್ ಹಾರಿಸಬೇಕು. ಎರಡು-ಮೂರು ವಾರದ ಮೇಲೆ ಬ್ಯಾಕಿಂಗ್ ಮಳೆಯೂ ಬಂದರೆ ಕಾಯಿ ನಿಂತಂತೆ.

ಕೊರತೆಗೇನೋ ಪಂಪು ಇದೆ, ಹೆಚ್ಚಾದರೆ ಮದ್ದಿಲ್ಲ. ರೊಬಸ್ಟಾ ಹೂ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗವನ್ನು ಗಾಳಿಯೋ ಜೇನೋ ತರಬೇಕು. ಅರಳಿದ ಬೆಳಿಗ್ಗೆಯೇ ಮಳೆ ಹೊಡೆದರೆ ಜೇನು ಹೊರಡದು, ಪರಾಗ ತೊಳೆದುಹೋಗುತ್ತದೆ. ಹೂವಿನ ಆಯುಸ್ಸೇ ಎರಡು-ಮೂರು ದಿನ. ಬ್ಯಾಂಕಿನ ಸಾಲ, ಮಕ್ಕಳ ಫೀಜು ಎಲ್ಲವೂ ಅಷ್ಟರಲ್ಲೇ ತೀರ್ಮಾನವಾಗಬೇಕು. (ಅರೇಬಿಕಾ ತನ್ನ ಪರಾಗವನ್ನೇ ನೆಚ್ಚಿಕೊಂಡಿರುವುದರಿಂದ ಈ ಫಜೀತಿ ಕಡಿಮೆ, ಅದಕ್ಕೆ ಕಾಂಡಕೊರಕದ ಕಾಟ ಬೇರೆ ಇದೆ.)

ವಸಂತಕ್ಕೆ ಮೊದಲೇ ಮಳೆ ಬಂದರಂತೂ ಕೇಳುವುದೇ ಬೇಡ. 2021ರ ಜನವರಿಯಲ್ಲಿ ಹಾಗೇ ಆಯಿತು. ಕಣದಲ್ಲಿ ಹರವಿದ್ದ ಕಾಫಿ ನೆನೆಯಿತು. ಕೊಯ್ಲು ಮುಗಿಯದ ಗಿಡಗಳು ಹೂವಿಗೆ ಬಂದವು. ಒಂದೇ ರೆಂಬೆಯಲ್ಲಿ ಹೋದ ವರ್ಷದ ಹಣ್ಣು, ಬರುವ ವರ್ಷದ ಹೂವು. ಹಣ್ಣಿಗೆ ಕೈಹಾಕಿದರೆ ಹೂ ಉದುರುತ್ತದೆ, ಬಿಟ್ಟರೆ ಹಣ್ಣು ನೆಲ ಸೇರುತ್ತದೆ.

ರೇವತಿ, ಅಶ್ವಿನಿ ಮಳೆಗಳು ದಿನಾ ಮಧ್ಯಾಹ್ನ ಹಿಡಿದುಕೊಂಡ ವರ್ಷ ತೋಟದ ಕೆಲಸಕ್ಕೆ ಬೆಳಗಿನ ಹೊತ್ತೊಂದೇ ಗತಿ. ಕಂಬಚಿಗುರು ತೆಗೆದ ಸಾಲಿನಲ್ಲೇ ಹದಿನೈದು ದಿನಕ್ಕೆ ಮತ್ತೆ ಚಿಗುರು ಏಳುತ್ತದೆ. ಕಳೆಯೂ ಹಾಗೆಯೇ. ಎಲ್ಲಕ್ಕಿಂತ ಕಷ್ಟದ್ದು ಮರಗಸಿ. ಮುಂಗಾರಿಗೆ ಮೊದಲು ನೆರಳಿನ ಮರಗಳ ಕೊಂಬೆ ಸವರಿ ಬೆಳಕು ಬಿಡದಿದ್ದರೆ ಕೊಳೆರೋಗ ಬರುತ್ತದೆ. ಜಾರುವ ಮರಕ್ಕೆ ಕತ್ತಿ ಹಿಡಿದು ಹತ್ತಿಸಿದರೆ ಒಂದು ಜೀವದ ಪ್ರಶ್ನೆ. ಹತ್ತುವುದು ಗೊತ್ತಿರುವ ಆಳುಗಳೂ ಊರಿಗೆ ಒಬ್ಬಿಬ್ಬರು. ಅವರು ತೊಗಟೆಯನ್ನು ಅಂಗೈಯಿಂದ ಒಮ್ಮೆ ಸವರಿ ನೋಡುತ್ತಾರೆ. ಪಸೆಯಿದ್ದರೆ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಿಸಿಲು ಬರಲೆಂದು ಬುಡದಲ್ಲೇ ಕೂರುತ್ತಾರೆ. ಸಾಹುಕಾರರು ಅವಸರ ಮಾಡುವಂತಿಲ್ಲ.