ಬಿಸಿಲೊಲೆಯ ಆಯ್ಕೆ

ಸೂರ್ಯನು ಪಾಕಶಾಲೆಗೆ ಹೊಸಬನಲ್ಲ. ವನವಾಸಕ್ಕೆ ಹೊರಟ ಧರ್ಮರಾಜನು ತನ್ನನ್ನು ಹಿಂಬಾಲಿಸಿ ಬಂದ ಬ್ರಾಹ್ಮಣರಿಗೆ ಅನ್ನವಿಕ್ಕುವ ಬಗೆ ಕಾಣದೆ, ಧೌಮ್ಯರ ಮಾತಿನಂತೆ ಆದಿತ್ಯನನ್ನು ಸ್ತುತಿಸಿ ತಾಮ್ರದ ಪಾತ್ರೆಯನ್ನು ಪಡೆದ ಕಥೆ ವಾಚಕರಿಗೆ ತಿಳಿದುದೇ ಆಗಿದೆ. ಆ ಪಾತ್ರೆಗೊಂದು ಕಟ್ಟಳೆಯಿದ್ದಿತು. ದ್ರೌಪದಿಯ ಊಟವಾಗುವವರೆಗೆ ಮಾತ್ರ ಅದು ಅಕ್ಷಯ. ಈಗ ಅಂಗಡಿಗಳಲ್ಲಿ ಸೋಲಾರ್ ಕುಕ್ಕರ್ ಎಂಬ ಹೆಸರಿನಿಂದ ಮಾರುವ ಬಿಸಿಲೊಲೆಗೂ ಕಟ್ಟಳೆಗಳುಂಟು. ಅವನ್ನು ಅರಿಯದೆ ಕೊಂಡವರ ಮನೆಯಲ್ಲಿ ಅದು ಬೇಗನೆ ಅಟ್ಟ ಸೇರುತ್ತದೆ.

ಮಂಗಳೂರಿನ ಬಿಜೈಯ ಕಡೆ ಒಂದು ಹಳೆಯ ಹಂಚಿನ ಮನೆ. ಅದರ ಯಜಮಾನರಿಗೆ ಎಪ್ಪತ್ತು ದಾಟಿದೆ, ಮಕ್ಕಳು ಪರಸ್ಥಳದಲ್ಲಿದ್ದಾರೆ. ಗೃಹಿಣಿಗೆ ಈಚೆಗೆ ಮರೆವು ಹತ್ತಿತು. ಗ್ಯಾಸಿನ ಒಲೆಯ ಮೇಲೆ ಹಾಲಿಟ್ಟು ತುಳಸಿಗೆ ನೀರೆರೆಯಲು ಹೋದವರು ಅಲ್ಲಿಯೇ ಕುಳಿತುಬಿಡುವರು. ಪಾತ್ರೆ ಕರಿಕಾದ ವಾಸನೆ ಚಾವಡಿಗೆ ಬಂದಾಗಲೇ ಯಜಮಾನರಿಗೆ ಎಚ್ಚರ. ಎರಡು ಸಲ ಹೀಗಾಯಿತು. ಮೂರನೆಯ ಸಲ ಉರಿಯಾರಿದ್ದು ಗ್ಯಾಸು ಮಾತ್ರ ಹೊರಬರುತ್ತಿದ್ದಿತು. ಬೆಂಗಳೂರಿನ ಮಗಳು ಫೋನಿನಲ್ಲಿ, "ಅಪ್ಪಾ, ಅಡಿಗೆಗೆ ಜನ ಇಡಿ, ಅಮ್ಮನನ್ನು ಒಲೆಯ ಹತ್ತಿರ ಬಿಡಬೇಡಿ" ಎಂದಳು. ತಾಯಿಗೆ ಅದು ಕೇಳಿಸಿತು. "ಐವತ್ತು ವರ್ಷ ಬಡಿಸಿದ ಕೈಯಿಂದ ಸೌಟು ತೆಗೆದಿಟ್ಟರೆ ಮತ್ತೆ ನಾನು ಈ ಮನೆಯಲ್ಲಿ ಯಾರು?" ಎಂದಷ್ಟೇ ಹೇಳಿ ಅವರು ಒಳಗೆ ಹೋದರು. ಯಜಮಾನರು ಬಿಸಿಲೊಲೆಯ ವಿಚಾರ ಮಾಡತೊಡಗಿದುದು ಆ ದಿನದಿಂದ. ಇಂಧನದ ಉಳಿತಾಯವು ಅವರ ಲೆಕ್ಕದಲ್ಲಿ ಇರಲೇ ಇಲ್ಲ. ಮರೆತರೂ ಉರಿಯದ, ಮರೆತರೂ ಕರಿಕಾಗದ ಒಲೆಯೊಂದು ಅವರಿಗೆ ಬೇಕಾಗಿದ್ದಿತು.

ಈ ವಿದ್ಯೆ ಸಾಕಷ್ಟು ಹಳೆಯದು. 1767ರಲ್ಲಿ ಜಿನೀವಾದ ಸೊಸ್ಯೂರ್ ಎಂಬ ವಿದ್ವಾಂಸನು ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿ ಬಿಸಿಲನ್ನು ಹಿಡಿದು ನೀರು ಕುದಿಯುವಷ್ಟು ಕಾವನ್ನು ತೋರಿಸಿದನು. ನಮ್ಮ ಕರಾವಳಿಯದೇ ಆದ ಮುಂಬಯಿಯಲ್ಲಿ 1878ರಷ್ಟು ಹಿಂದೆ ವಿಲಿಯಂ ಆಡಮ್ಸ್ ಎಂಬ ಆಂಗ್ಲನು ಕನ್ನಡಿಗಳ ನಡುವೆ ಪಾತ್ರೆಯನ್ನಿಟ್ಟು, ಚಳಿಯ ಜನವರಿಯಲ್ಲಿಯೂ ಏಳು ಮಂದಿ ಸಿಪಾಯಿಗಳ ಅಡಿಗೆಯನ್ನು 2 ಗಂಟೆಗಳಲ್ಲಿ ಬೇಯಿಸಿದುದಾಗಿ ಬರೆದಿಟ್ಟಿದ್ದಾನೆ. ಮಂಗಳೂರಿನ ಹೆಂಗಸರಾದರೋ ಇವರಾರನ್ನೂ ಕೇಳದೆ ಮಾರ್ಚಿ ಏಪ್ರಿಲಿನ ಬಿಸಿಲಿಗೆ ಹಲಸಿನ ಹಪ್ಪಳ, ಸೆಂಡಿಗೆ, ಮಾಂಬಳಗಳನ್ನು ಒಪ್ಪಿಸುತ್ತ ಬಂದವರು. ಮನುಸ್ಮೃತಿಯು ವಾನಪ್ರಸ್ಥನ ಆಹಾರದಲ್ಲಿ ಅಗ್ನಿಪಕ್ವ, ಕಾಲಪಕ್ವ ಎಂದು ಎರಡು ಬಗೆಯನ್ನು ಹೇಳುತ್ತದೆ. ಬಿಸಿಲೊಲೆಯ ಅನ್ನವು ಇವೆರಡರಲ್ಲಿ ಯಾವುದಕ್ಕೆ ಸೇರತಕ್ಕದ್ದೆಂಬ ಚರ್ಚೆಯನ್ನು ಶಾಸ್ತ್ರಿಗಳಿಗೆ ಬಿಡೋಣ. ಹೇಗೂ ಅದು ಬೇಯುವಷ್ಟು ಹೊತ್ತು ಅವರಿಗೆ ಬಿಡುವುಂಟು.

ಯಜಮಾನರ ಮುಂದೆ ಬಂದ ಒಲೆಗಳು ಮುಖ್ಯವಾಗಿ ಮೂರು ತೆರನಾದುವು. ಮೊದಲನೆಯದು ದೊಡ್ಡ ಕೊಡೆಯನ್ನು ಮಗುಚಿಟ್ಟಂತಹ ಹೊಳೆಯುವ ಬಟ್ಟಲು. ಒಂದೂವರೆ ಮೀಟರಿಗೆ ತುಸು ಕಡಮೆಯಾದ ಅಗಲದ ಅದು ಬಿಸಿಲನ್ನೆಲ್ಲ ಒಂದೆಡೆಗೆ ಕೂಡಿಸಿ ಪಾತ್ರೆಯ ತಳಕ್ಕೆ ಹೊಡೆಯುತ್ತದೆ. ಅದರಲ್ಲಿ ಒಗ್ಗರಣೆಯೂ ಆದೀತು, ಕರಿಯುವುದೂ ಆದೀತು. ಆದರೆ ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಸೂರ್ಯನ ಕಡೆಗೆ ತಿರುಗಿಸುತ್ತಿರಬೇಕು. ಅದರ ಪ್ರಭೆಯನ್ನು ದಿಟ್ಟಿಸಿದರೆ ಕಣ್ಣಿಗೆ ಕೇಡು. ಮೇಲಾಗಿ ಗ್ಯಾಸಿನಂತೆಯೇ ಅದೂ ಪಾತ್ರೆಯನ್ನು ಸುಡಬಲ್ಲುದು. ಮರೆವಿನವರ ಮನೆಗೆ ಅದು ಹೇಳಿಸಿದ್ದಲ್ಲ. ಎರಡನೆಯದು ಗಾಳಿ ತೆಗೆದ ಜೋಡಿಗಾಜಿನ ಕೊಳವೆ. ಕಾವೇನೋ ಚೆನ್ನಾಗಿಯೇ ಏರುತ್ತದೆ. ಆದರೆ ಆ ಇಕ್ಕಟ್ಟಿನ ಕೊಳವೆಯಲ್ಲಿ ಗಂಜಿ ಬೇಯಿಸುವುದೆಂತು? ಮಂಗಳೂರಿನ ಮನೆಗೆ ಈ ಒಂದು ಪ್ರಶ್ನೆಯೇ ಸಾಕು. ಇಂಡಿಯನ್ ಆಯಿಲ್ ಸಂಸ್ಥೆಯವರು 2022ರಲ್ಲಿ ಪ್ರದರ್ಶಿಸಿದ "ಸೂರ್ಯ ನೂತನ" ಎಂಬುದನ್ನೂ ಅವರು ವಿಚಾರಿಸದೆ ಇರಲಿಲ್ಲ. ಬಿಸಿಲು ಹೀರುವ ಫಲಕ ಹೊರಗೆ, ಒಲೆ ಒಳಗೆ ಎಂಬ ಏರ್ಪಾಡು ಅದು. ಆದರೆ ಒಳಗಿನ ಒಲೆ ಪುನಃ ಒಲೆಯೇ ಆಯಿತಷ್ಟೆ.

ಉಳಿದುದು ಪೆಟ್ಟಿಗೆಯ ಒಲೆ. ನೋಡಲು ಹಳೆಯ ಕಾಲದ ಟ್ರಂಕಿನಂತೆ. ಒಳಗೆ ಕಪ್ಪು ಬಳಿದ ಲೋಹದ ತಟ್ಟೆ, ಅದರ ಸುತ್ತ ಕಾವು ಹೊರಹೋಗದಂತೆ ಗಾಜಿನ ನಾರು, ಮೇಲೆ ಎರಡು ಪದರದ ಗಾಜು, ಎತ್ತಿ ನಿಲ್ಲಿಸಿದ ಮುಚ್ಚಳದ ಒಳಮೈಯಲ್ಲಿ ಕನ್ನಡಿ. ಬೆಳಕು ಗಾಜನ್ನು ದಾಟಿ ಒಳಹೊಕ್ಕು ಕಪ್ಪಿನಲ್ಲಿ ಕಾವಾಗುತ್ತದೆ. ಕಾವಾದ ಮೇಲೆ ಅದಕ್ಕೆ ಗಾಜನ್ನು ದಾಟಿ ಮರಳುವ ದಾರಿಯಿಲ್ಲ. ಒಳ್ಳೆಯ ಬಿಸಿಲಿಗೆ 100ರಿಂದ 140 ಡಿಗ್ರಿಯವರೆಗೆ ಏರುವುದು. ಅನ್ನಕ್ಕೂ ಬೇಳೆಗೂ ಎರಡು ಮೂರು ಗಂಟೆ ಬೇಕು. ಆತುರದವರು ಇದನ್ನು ಕಂಡು ನಗುವರು. ಆದರೆ ಆ ನಿಧಾನವೇ ಯಜಮಾನರಿಗೆ ಹಿತವಾಗಿ ಕಂಡಿತು. ಕಾವು ತಳದಿಂದ ಮಾತ್ರ ಹೊಡೆಯದೆ ಸುತ್ತಲಿಂದ ಮೆಲ್ಲಗೆ ಬರುವುದರಿಂದ ತಳ ಹತ್ತುವುದಿಲ್ಲ. ಒಂದು ಗಂಟೆ ಹೆಚ್ಚು ಮರೆತರೆ ತೊಗರಿ ಇನ್ನಷ್ಟು ಮೆತ್ತಗಾಗುವುದೇ ಹೊರತು ಬೇರೆ ಅನರ್ಥವಿಲ್ಲ. ಭಾರತೀಯ ಮಾನಕ ಸಂಸ್ಥೆಯು ಇಂತಹ ಪೆಟ್ಟಿಗೆಗೆ ಐ.ಎಸ್. 13429 ಎಂಬ ಮಾನಕವನ್ನು ಗೊತ್ತುಪಡಿಸಿದೆ. ಕೊಳ್ಳುವವರು ಆ ಗುರುತಿಗಾಗಿ ನೋಡುವುದು ಒಳ್ಳೆಯದು. ಗಾಜಿನ ಚೌಕಟ್ಟಿನ ರಬ್ಬರು ಎಲ್ಲ ಕಡೆಯೂ ಬಿಗಿಯಾಗಿ ಕೂತಿದೆಯೇ ಎಂಬುದನ್ನು ಮಾತ್ರ ತಾವೇ ಬೆರಳಾಡಿಸಿ ನೋಡತಕ್ಕದ್ದು.

ಎಲ್ಲಿ ಇಡುವುದು ಎಂಬುದು ಮುಂದಿನ ತೊಡಕು. 1865ರಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ಮಂಗಳೂರಿನ ಮನೆಗಳ ಮಾಡು ಇಳಿಜಾರು. ಬಯಲುಸೀಮೆಯವರಂತೆ ತಾರಸಿಗೆ ಒಯ್ದಿಡುವ ಹಾಗಿಲ್ಲ. ಅಂಗಳಕ್ಕೆ ತೆಂಗಿನ ನೆರಳು. ಈಚಿನ ಬಹುಮಹಡಿಯ ಮನೆಗಳವರಿಗೆ ತಾರಸಿಯುಂಟು, ಆದರೆ ಅದು ಎಲ್ಲರದೂ ಆದುದರಿಂದ ಯಾರದೂ ಅಲ್ಲ. ಯಜಮಾನರು ಮೂರು ದಿನ ಸುಣ್ಣದ ಗೆರೆಯೆಳೆದು ನೆರಳಿನ ನಡಿಗೆಯನ್ನು ಗುರುತಿಸಿ, ಬಾವಿಕಟ್ಟೆಯ ಪಕ್ಕದಲ್ಲಿ ಒಂಬತ್ತೂವರೆಯಿಂದ ಎರಡೂವರೆಯವರೆಗೆ ಬಿಸಿಲು ಬೀಳುವ ಎಡೆಯೊಂದನ್ನು ಕಂಡುಕೊಂಡರು. ಇಷ್ಟು ಮಾಡದೆ ಒಲೆ ಕೊಳ್ಳುವುದು ಹೆಣ್ಣು ನೋಡದೆ ಚಪ್ಪರ ಹಾಕಿದಂತೆ.

ಒಲೆಯ ಸಂಗಡ ಬಂದ ಕೈಪಿಡಿಯಲ್ಲಿ ಕನ್ನಡಿಯನ್ನು ದಕ್ಷಿಣಕ್ಕೆ ಮುಖ ಮಾಡಿಡಬೇಕೆಂದು ಬರೆದಿದ್ದಿತು. ಅದು ಉತ್ತರ ಹಿಂದೂಸ್ಥಾನದವರಿಗೆ ಬರೆದ ಮಾತು. ಮಂಗಳೂರು 13 ಡಿಗ್ರಿ ಅಕ್ಷಾಂಶಕ್ಕೆ ಸಮೀಪದಲ್ಲಿರುವುದರಿಂದ ಏಪ್ರಿಲಿನ ಕೊನೆಯ ವಾರದಲ್ಲಿ ಸೂರ್ಯನು ನಡುನೆತ್ತಿಗೆ ಬಂದು, ಆಮೇಲೆ ಆಗಸ್ಟಿನ ನಡುವಿನ ವರೆಗೆ ಮಧ್ಯಾಹ್ನದಲ್ಲಿ ಉತ್ತರದಲ್ಲಿಯೇ ಇರುತ್ತಾನೆ. ಮೇ ತಿಂಗಳಿನಲ್ಲಿ ಕೈಪಿಡಿಯನ್ನು ನಂಬಿದವನ ಅಕ್ಕಿ ಅಕ್ಕಿಯಾಗಿಯೇ ಉಳಿದರೆ ಆಶ್ಚರ್ಯವಿಲ್ಲ. ಪಂಚಾಂಗ ಬಲ್ಲ ಯಜಮಾನರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ಕುಚ್ಚಲಕ್ಕಿಯು ಸುಲಭದಲ್ಲಿ ಮಣಿಯಲಿಲ್ಲ. ಮೊದಲ ದಿನ ಅದು ಹಲ್ಲಿಗೆ ಸಿಕ್ಕಿತು. ಗೃಹಿಣಿಯು ಮಾತಾಡದೆ, ಮರುದಿನ ರಾತ್ರಿಯೇ ಅಕ್ಕಿಯನ್ನು ನೆನೆಯಿಟ್ಟು, ಬೆಳಗ್ಗೆ ಬಿಸಿನೀರೆರೆದು, ಹೊರಗೆ ಮಸಿ ಹಿಡಿದ ಹಳೆಯ ಪಾತ್ರೆಯಲ್ಲಿ ತೆಳ್ಳಗೆ ಹರಡಿ ಇಟ್ಟರು. ಮಧ್ಯಾಹ್ನಕ್ಕೆ ಗಂಜಿ ಅರಳಿದ್ದಿತು. ಮರೆವು ಹೆಸರುಗಳನ್ನು ಕೊಂಡೊಯ್ದರೂ ಕೈಯ ವಿದ್ಯೆಯನ್ನು ಇನ್ನೂ ಮುಟ್ಟಿರಲಿಲ್ಲ. ಸೌತೆಯ ಹುಳಿ, ಹರಿವೆಯ ಪಲ್ಯ, ಗೆಣಸು ಎಲ್ಲವೂ ಅದರಲ್ಲಿ ಆಗುತ್ತವೆ. ನೀರುದೋಸೆ ಆಗದು, ಒಗ್ಗರಣೆ ಆಗದು. ಆ ಒಗ್ಗರಣೆಗಾಗಿ ಯಜಮಾನರು ಎಪ್ಪತ್ತು ಕಳೆದ ಮೇಲೆ ಸಾಸಿವೆ ಸಿಡಿಸಲು ಕಲಿತರು. ಗ್ಯಾಸಿನ ಬೀಗ ಅವರ ಕೈಯಲ್ಲಿದೆ. "ನಿಮ್ಮ ಒಗ್ಗರಣೆಗೆ ಮೆಣಸು ಕರಿಕಾಯಿತು" ಎಂದು ಗೃಹಿಣಿ ನಕ್ಕುದನ್ನು ಅವರು ಮಗಳಿಗೆ ಫೋನಿನಲ್ಲಿ ಹೇಳಿದರಂತೆ.

ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ. ಆ ನಾಲ್ಕು ತಿಂಗಳಿಗೆ ಹೊತ್ತು ತೀರಿದೊಡನೆ ತಾನಾಗಿ ಆರುವ ವಿದ್ಯುತ್ತಿನ ಒಲೆಯೊಂದನ್ನು ತರಿಸಿದ್ದಾಯಿತು. ಬಿಸಿಲೊಲೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದರು. ನವರಾತ್ರಿಯ ಹೊತ್ತಿಗೆ ಇಳಿಸಿ ನೋಡಿದಾಗ ಕಡಲಗಾಳಿಯ ತೇವಕ್ಕೆ ಕನ್ನಡಿಯ ಅಂಚು ಕಪ್ಪಾಗಿದ್ದಿತು. ಯಜಮಾನರು ದಾರದಲ್ಲಿ ಅಳತೆ ತೆಗೆದು ಹಂಪನಕಟ್ಟೆಗೆ ಹೋಗಿ ಬೇರೆ ಕನ್ನಡಿಯನ್ನು ಕೊಯ್ಸಿ ತಂದರು. ಅವರು ಬರುವಷ್ಟರಲ್ಲಿ ಅಕ್ಕಿ ನೆನೆದಿದ್ದಿತು.