ಕೇಳುವ ವಿದ್ಯೆ

ವೈದ್ಯರಿಗೂ ವಾಕ್ಯರಚನೆಯ ಪಾಠ ಬೇಕೆಂದರೆ ಕನ್ನಡ ಮೇಷ್ಟರ ಸ್ವಾರ್ಥವೆಂದು ನೀವು ನಕ್ಕೀರಿ. ಮಾತು ನನ್ನದಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯೆಯಾಗಿರುವ ನನ್ನ ಹಳೆಯ ಶಿಷ್ಯೆಯದು. ವ್ಯಸನಕ್ಕೆ ಚಿಕಿತ್ಸೆ ನೀಡುವ ಬಗೆಯನ್ನು ಬೆಂಗಳೂರಿನ ನಿಮ್ಹಾನ್ಸ್ ದೂರದ ಊರುಗಳ ವೈದ್ಯರಿಗೆ ವೀಡಿಯೋ ಮೂಲಕ ಕಲಿಸುತ್ತ ಬಂದಿದೆಯಷ್ಟೆ. ಆಕೆ ಅದಕ್ಕೆ ಸೇರಿದ್ದಳು. ಡಾ. ಸಂಜೀವ್ ಅರೋರಾ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 2003ರಲ್ಲಿ ಯಕೃತ್ತಿನ ರೋಗಕ್ಕಾಗಿ ತೊಡಗಿದ ಕ್ರಮವಿದು: ಕಲಿಯುವವರು ತಮ್ಮ ರೋಗಿಯ ವೃತ್ತಾಂತವನ್ನು, ಹೆಸರು ಬಿಟ್ಟು, ಮುಂದಿಡುತ್ತಾರೆ, ಎಲ್ಲರೂ ಕೂಡಿ ವಿಚಾರ ಮಾಡುತ್ತಾರೆ. ಉಪನ್ಯಾಸ ಕಡಮೆ. (ನನ್ನ ವೃತ್ತಿಯವರಿಗೆ ಇದು ರುಚಿಸದು.)

ವಿಶ್ವ ಆರೋಗ್ಯ ಸಂಸ್ಥೆಯ 'ಅಸಿಸ್ಟ್' ಪ್ರಶ್ನಾವಳಿಯಲ್ಲಿ 8 ಪ್ರಶ್ನೆಗಳಿವೆ. "ನಿನಗೆ ಚಟವಿದೆಯೇ?" ಎಂಬುದು ಅಲ್ಲಿಲ್ಲ; ಕಳೆದ ಮೂರು ತಿಂಗಳಲ್ಲಿ ಎಷ್ಟು ಸಲ ಎಂಬುದಿದೆ. ಮೊದಲಿನದಕ್ಕೆ ಯಾರಾದರೂ 'ಇಲ್ಲ' ಎಂದಾರು. ಎರಡನೆಯದು ಬರಿಯ ಲೆಕ್ಕ, ಹೇಳಲು ನಾಚಿಕೆಯಿಲ್ಲ.

ನಾನು ಬೆಚ್ಚಿದ್ದು ಬೇರೆ ಸಂಗತಿಗೆ. ವರ್ಷಗಟ್ಟಲೆ ನಿದ್ರೆಮಾತ್ರೆ ನುಂಗಿದವರಿಗೆ "ನಾಳೆಯಿಂದಲೇ ಬಿಡಿ" ಎಂದು ಬುದ್ಧಿ ಹೇಳುವವರು ಎಲ್ಲ ಮನೆಗಳಲ್ಲೂ ಇದ್ದಾರೆ. ಥಟ್ಟನೆ ಬಿಟ್ಟರೆ ನಡುಕ, ಸನ್ನಿ, ಫಿಟ್ಸು. ಪ್ರಾಣಕ್ಕೇ ಅಪಾಯ ಬರುವುದೂ ಉಂಟು. ಮಾತ್ರೆಯನ್ನು ಕೊಂಚಕೊಂಚವಾಗಿ ಇಳಿಸಬೇಕು. ಬಹಳ ಕಾಲ ಮಿತಿಮೀರಿ ಕುಡಿದವರಿಗೂ ಬಿಡುವಾಗ ಔಷಧದ ಆಸರೆ ಬೇಕು. ಕಲಿತ ವೈದ್ಯರು ಹತ್ತಿರವಿಲ್ಲದಿದ್ದರೆ ಸದ್ಬುದ್ಧಿಯೇ ಮುಳುವಾದೀತು.

ಆಕೆಯ ರೋಗಿಯೊಬ್ಬರು ವಯಸ್ಸಾದವರು. ಬೆಂಗಳೂರಿಗೆ ಬರುವ ಶಕ್ತಿಯಿಲ್ಲ. ಮನೋವೈದ್ಯರ ಬಾಗಿಲಲ್ಲಿ ಕಾಣಿಸಿಕೊಳ್ಳುವ ಮನಸ್ಸಂತೂ ಇಲ್ಲವೇ ಇಲ್ಲ. ಬಿ.ಪಿ. ನೋಡಿಸಲು ಹೇಗೂ ಬರುತ್ತಾರೆ. ಅದೇ ಸರದಿಯಲ್ಲಿ, ಅದೇ ಬೆಂಚಿನಲ್ಲಿ, ಅವರ ಮಾತ್ರೆ ಈಗ ಅರ್ಧಕ್ಕೆ ಇಳಿದಿದೆಯಂತೆ.